ಮೊದಲು ಮೈ ಒಣಗಲಿ: ಜಿಟಿಜಿಟಿ ಮಳೆಯಲ್ಲಿ ಚರ್ಮದ ಆರೈಕೆ

ಬೆಂಗಳೂರು, ಮೈಸೂರು ಕಡೆಯವರು ‘ತಿಂಡಿ ಆಯ್ತಾ?’ ಅಂತ ಕೇಳಿದರೆ ನಮ್ಮವರು ಮುಸಿಮುಸಿ ನಗುತ್ತಾರೆ. ಅವರಿಗೆ ತಿಂಡಿ ಅಂದರೆ ಇಡ್ಲಿ, ಉಪ್ಪಿಟ್ಟು. ನಮ್ಮ ಕಡೆ ತಿಂಡಿ ಅಂದರೆ ತುರಿಕೆ. ಜುಲೈ ತಿಂಗಳಲ್ಲಿ ಧಾರವಾಡಕ್ಕೆ ಬಂದು ಆ ಪ್ರಶ್ನೆ ಕೇಳಿದರೆ ಮಾತ್ರ ಯಾರಿಗೂ ನಗು ಬರುವುದಿಲ್ಲ. ‘ಹೌದ್ರೀ, ತೊಡಿ ಸಂದ್ಯಾಗ ಭಾಳ ತಿಂಡಿ ಬಿಟ್ಟೈತಿ’ ಅನ್ನುವವರು ಮನೆಗೊಬ್ಬರು ಇರುತ್ತಾರೆ.

ನನ್ನ ತವರು ಗದಗ. ಮದುವೆಯಾಗಿ ಬಂದದ್ದು ಧಾರವಾಡಕ್ಕೆ. ನಡುವೆ ಇರೋದು ಸುಮಾರು 80 ಕಿಲೋಮೀಟರ್, ಆದರೆ ಮಳೆಗಾಲವೇ ಬೇರೆ. ಗದಗಿನಲ್ಲಿ ಮೋಡ ಕವಿದಿದ್ದರೂ ಗಾಳಿ ನಿಲ್ಲುವುದಿಲ್ಲ. ಅರಿವಿ ಒಣಹಾಕಿದರೆ ಸಂಜೆಯೊಳಗೆ ಒಣಗುತ್ತವೆ, ಕ್ಲಿಪ್ ಹಾಕದಿದ್ದರೆ ಪಕ್ಕದ ಮನೆಗೆ ಹಾರಿಯೂ ಹೋಗುತ್ತವೆ. ಧಾರವಾಡ ಮಲೆನಾಡಿನ ಸೆರಗು. ಇಲ್ಲಿ ಆರಿದ್ರಾ ಮಳೆ ಹಿಡಿದ ಮೇಲೆ ಬಿಸಿಲು ಅಪರೂಪದ ನೆಂಟ. ಮೊದಲ ವರ್ಷ ನನ್ನದೊಂದು ಕಾಟನ್ ಚೂಡಿದಾರ್ ಒಣಗಲು ಮೂರು ದಿನ ಹಿಡಿಯಿತು. ಒಣಗಿದ ಮೇಲೂ ಮುಗ್ಗಲು ವಾಸನೆ. ಆ ವರ್ಷ ಕೈಗೆ ಸಿಕ್ಕಿದ ಕ್ರೀಮೆಲ್ಲ ಹಚ್ಚಿ ನೋಡಿದೆ. ಹಚ್ಚೋದು ಆಮೇಲಿನ ಮಾತು, ಮೊದಲು ಮೈ ಒಣಗಬೇಕು ಅನ್ನೋದು ತಿಳಿಯಲು ನನಗೆ ಎರಡು ಮಳೆಗಾಲ ಬೇಕಾಯಿತು.

ಒಂದು ರಾಶಿ ಪಾತ್ರೆ ತೊಳೆದ ಮೇಲೆ ನಿಮ್ಮ ಬೆರಳ ತುದಿ ನೋಡಿಕೊಳ್ಳಿ. ಬೆಳ್ಳಗೆ ಉಬ್ಬಿರುತ್ತದೆ. ಚರ್ಮದ ಮೇಲಿನ ಪದರ ನೀರು ಕುಡಿದು ಮೆತ್ತಗಾಗಿದೆ ಅಂತ ಅರ್ಥ. ಮಳೆಗಾಲದಲ್ಲಿ ಕಂಕುಳು, ತೊಡೆಸಂದಿ, ಕಾಲ್ಬೆರಳ ಸಂದಿಯಲ್ಲಿ ದಿನವಿಡೀ ಇದೇ ನಡೆಯುತ್ತಿರುತ್ತದೆ. ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ. ಮೆತ್ತಗಾದ ಚರ್ಮ ಬಟ್ಟೆಗೆ ತಿಕ್ಕಿದರೆ ಬೇಗ ಕೆರೆಯುತ್ತದೆ, ಬಿರಿಯುತ್ತದೆ. ಬೆಚ್ಚಗೆ, ಹಸಿಯಾಗಿ, ಕತ್ತಲಲ್ಲಿರುವ ಜಾಗ ಸಿಕ್ಕರೆ ಶಿಲೀಂಧ್ರಕ್ಕೆ ಮತ್ತೇನು ಬೇಕು? ಹಳೆ ಚಪ್ಪಲಿಯ ಮೇಲೆ ಬೂಸ್ಟು ಬರುತ್ತದಲ್ಲ, ಅದರ ದಾಯಾದಿಗಳೇ ಮೈಮೇಲೂ ಬೆಳೆಯುತ್ತವೆ.

ಸ್ನಾನ, ಅದಕ್ಕಿಂತ ಹೆಚ್ಚಾಗಿ ಸ್ನಾನದ ನಂತರ

ನೀರು ಉಗುರುಬೆಚ್ಚಗಿರಲಿ. ಹೊರಗೆ ತಂಪು ಅಂತ ಹಂಡೆಯ ಕುದಿನೀರು ಸುರಿದುಕೊಂಡರೆ ಹಿತ ಅನಿಸುತ್ತದೆ, ನಿಜ. ಆದರೆ ಚರ್ಮದ ಜಿಡ್ಡೆಲ್ಲ ತೊಳೆದುಹೋಗಿ ಆಮೇಲೆ ಇನ್ನಷ್ಟು ತುರಿಸುತ್ತದೆ. ಸೋಪು ಕಂಕುಳು, ತೊಡೆಸಂದಿ, ಕಾಲಿಗೆ ಬೇಕು. ಉಳಿದ ಕಡೆ ದಿನಾ ತಿಕ್ಕಬೇಕಿಲ್ಲ. ಚರ್ಮ ಸ್ವಲ್ಪ ಹುಳಿ ಸ್ವಭಾವದ್ದು, ಅದರ ಪಿಎಚ್ 5ರ ಆಸುಪಾಸು. ಸಾಮಾನ್ಯ ಸೋಪಿನದು 9-10, ಅಂದರೆ ಹುಳಿಗೆ ವಿರುದ್ಧವಾದ ಕ್ಷಾರ. ‘ಕ್ರಿಮಿ ಸಾಯಲಿ’ ಅಂತ ದಿನಕ್ಕೆ ಮೂರು ಸಲ ಸೋಪು ಹಾಕಿದರೆ ಸಾಯೋದು ಚರ್ಮದ ಕಾವಲು. ಬೆವರಿದಾಗ ಬರೀ ನೀರು ಹಾಕಿಕೊಂಡರೂ ನಡೆಯುತ್ತದೆ.

ಈಗ ಒರೆಸಿಕೊಳ್ಳುವ ಮಾತು. ನಮ್ಮತ್ತೆ ನನಗೆ ಮೊದಲ ವರ್ಷವೇ ಹೇಳಿದ್ದರು: ‘ಅಲ್ಲವ್ವಾ, ಟವೆಲ್ ಮೈಗೆ ತೋರಿಸಿದ್ರ ಆತೇನು? ಸಂದಿಗೊಂದಿ ಯಾರು ಒರಸಬೇಕು?’ ಆಗ ಸಿಟ್ಟು ಬಂದಿತ್ತು. ಈಗ ನನ್ನ ಮಗನಿಗೆ ಅದೇ ಮಾತು ಹೇಳುತ್ತೇನೆ.

ಮಾಡುವ ಕ್ರಮ ಹೀಗೆ. ತಲೆ, ಮುಖ, ಎದೆ ಒರೆಸಿದ ಮೇಲೆ ಕೈ ಎತ್ತಿ ಕಂಕುಳಿಗೆ ಟವೆಲ್ ಒತ್ತಿ ಹಿಡಿಯಿರಿ. ತಿಕ್ಕಬೇಡಿ, ಒತ್ತಿ. ಹೆಂಗಸರು ಎದೆಯ ಕೆಳಗೆ, ಹೊಟ್ಟೆ ಇರುವವರು ಹೊಟ್ಟೆಯ ಮಡಿಕೆಯ ಕೆಳಗೆ ಎತ್ತಿ ಒರೆಸಬೇಕು. ಆಮೇಲೆ ತೊಡೆಸಂದಿ. ಕೊನೆಗೆ ಕುಳಿತುಕೊಂಡು ಕಾಲ್ಬೆರಳು. ಒಂದೊಂದೇ ಬೆರಳು ಬಿಡಿಸಿ, ಟವೆಲ್ಲಿನ ತುದಿಯನ್ನು ಸಂದಿಯೊಳಗೆ ಎಳೆದು ತೆಗೆಯಿರಿ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ವಿಶೇಷ ಗಮನ ಇರಲಿ. ಅಲ್ಲಿ ಜಾಗ ಇಕ್ಕಟ್ಟು, ಕೊಳೆಯೋದು ಮೊದಲು ಅಲ್ಲೇ. ಪಾದ ಒರೆಸಿದ ತುದಿಯನ್ನು ಮತ್ತೆ ಮೇಲೆ ಒಯ್ಯಬೇಡಿ. ಕಾಲಿನ ಸೋಂಕು ತೊಡೆಸಂದಿಗೆ ಹೋಗುವ ದಾರಿ ಅದೇ. ಇದೇ ಕಾರಣಕ್ಕೆ ಕಾಲಿಗೆ ಬೇರೆ ಬಟ್ಟೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಇಷ್ಟಾದ ಮೇಲೆ ಎರಡು ನಿಮಿಷ ಫ್ಯಾನ್ ಕೆಳಗೆ ನಿಂತು ಆಮೇಲೆ ಬಟ್ಟೆ ಹಾಕಿಕೊಳ್ಳಿ.

ಟವೆಲ್ ದಪ್ಪನೆಯದು ಬೇಡ. ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಮಾವನ ಹಳೆ ಧೋತರ ಹರಿದು ತುಂಡು ಮಾಡಿ ಇಟ್ಟಿದ್ದೇವೆ. ಅದು ನೀರನ್ನೂ ಚೆನ್ನಾಗಿ ಹೀರುತ್ತದೆ, ಫ್ಯಾನಿನ ಗಾಳಿಗೆ ಮಧ್ಯಾಹ್ನದೊಳಗೆ ಒಣಗುತ್ತದೆ. ದಪ್ಪ ಟರ್ಕಿ ಟವೆಲ್ ಮಾರನೆಯ ದಿನ ಬೆಳಗ್ಗೆಯೂ ತಣ್ಣಗೆ, ಹಸಿಯಾಗಿಯೇ ಇರುತ್ತದೆ. ಅದರಲ್ಲಿ ಒರೆಸಿಕೊಂಡರೆ ಏನು ಬಂತು? ಮತ್ತೆ, ಒಬ್ಬರ ಟವೆಲ್ ಇನ್ನೊಬ್ಬರು ಬಳಸಬೇಡಿ. ಗಂಡ-ಹೆಂಡತಿಯಾದರೂ ಬೇಡ.

ಉಡದಾರ, ಕಾಲುಂಗುರ, ಲಾಡಿ

ಕ್ರೀಮು, ಸೋಪಿನ ಜಾಹೀರಾತುಗಳಲ್ಲಿ ಇವುಗಳ ಮಾತೇ ಬರುವುದಿಲ್ಲ. ನಮ್ಮ ಕಡೆ ಗಂಡಸರ ಸೊಂಟದಲ್ಲಿ ಉಡದಾರ ಇರುತ್ತದೆ, ಮಕ್ಕಳಿಗಂತೂ ಇದ್ದೇ ಇರುತ್ತದೆ. ಕೊರಳಲ್ಲಿ ಶಿವದಾರವೋ ಜನಿವಾರವೋ. ಎಲ್ಲ ನೂಲಿನವು. ಮೈ ಒಣಗಿದರೂ ದಾರ ಗಂಟೆಗಟ್ಟಲೆ ಹಸಿ ಇರುತ್ತದೆ. ಒದ್ದೆ ದಾರ ಸೊಂಟದ ಸುತ್ತ ಪಟ್ಟಿ ಕಟ್ಟಿದ ಹಾಗೆ ಕೂತಿರುತ್ತದೆ. ಗಜಕರ್ಣ ಎಷ್ಟೋ ಜನರಲ್ಲಿ ಸರಿಯಾಗಿ ಆ ಗೆರೆಯ ಮೇಲೇ ಸುತ್ತು ಹಾಕುತ್ತದೆ. ತೆಗೆಯಿರಿ ಅಂತ ನಾನು ಹೇಳುವುದಿಲ್ಲ, ಹೇಳಿದರೂ ಯಾರು ಕೇಳುತ್ತಾರೆ? ಸ್ನಾನವಾದ ಮೇಲೆ ದಾರವನ್ನೂ ಟವೆಲ್ಲಿನಲ್ಲಿ ಹಿಂಡಿ ಒರೆಸಿ, ಅದರ ಕೆಳಗಿನ ಚರ್ಮವನ್ನೂ ಒರೆಸಿ. ಮಳೆಗಾಲದಲ್ಲಿ ದಾರವನ್ನು ಆಗಾಗ ಬದಲಿಸಿ. ಬೆಳ್ಳಿ ಉಡದಾರ ಇದ್ದರೆ ಈ ತಾಪತ್ರಯ ಕಡಿಮೆ, ಒರೆಸಿದರೆ ಆಯಿತು. ಗಜಕರ್ಣ ಆಗಲೇ ಆಗಿದ್ದರೆ ಹಳೆ ದಾರ ತೆಗೆದು, ವಾಸಿಯಾದ ಮೇಲೆ ಹೊಸದು ಕಟ್ಟಿಕೊಳ್ಳಿ.

ಹೆಂಗಸರಿಗೆ ಇದೇ ತೊಂದರೆ ಪರಕಾರದ ಲಾಡಿಯಿಂದ. ದಿನಾ ಒಂದೇ ಜಾಗದಲ್ಲಿ ಬಿಗಿದು ಕಟ್ಟುವುದರಿಂದ ಅಲ್ಲಿ ಚರ್ಮ ಕಪ್ಪಾಗಿ ಒರಟಾಗುತ್ತದೆ. ಬೆವರು ಸೇರಿದರೆ ಕೆರೆತ ಶುರು. ಲಾಡಿ ಬದಲು ಅಗಲ ಪಟ್ಟಿ ಹೊಲಿಸಿ, ಕಟ್ಟುವ ಜಾಗವನ್ನು ಒಂದಿಷ್ಟು ಮೇಲೆ ಕೆಳಗೆ ಮಾಡಿ. ಕಾಲುಂಗುರದ ಕೆಳಗೆ ಸೋಪಿನ ನೊರೆ ಉಳಿಯುತ್ತದೆ, ಅದನ್ನು ತಿರುಗಿಸಿ ತಿರುಗಿಸಿ ತೊಳೆದು ಒರೆಸಿ. ಬಳೆಯ ಕೆಳಗೂ ಅಷ್ಟೇ.

ಅರಿವಿ ಒಣಗದಿದ್ದರೆ

ಹೊರಗಿನ ಬಟ್ಟೆ ಸ್ವಲ್ಪ ತಂಪಿದ್ದರೂ ಹೇಗೋ ಹಾಕಿಕೊಳ್ಳಬಹುದು. ಒಳಗಿನದು ಮಾತ್ರ ಪೂರ್ತಿ ಒಣಗಿರಲೇಬೇಕು. ಮಳೆಗಾಲಕ್ಕೆ ಮುಂಚೆ ಒಳಬಟ್ಟೆ ನಾಲ್ಕೈದು ಜೊತೆ ಜಾಸ್ತಿ ತಂದಿಟ್ಟುಕೊಳ್ಳಿ. ಇದಕ್ಕೆ ಆಗುವ ಖರ್ಚು ಒಂದು ಸಲ ಡಾಕ್ಟರ್ ಹತ್ತಿರ ಹೋಗಿ ಬರುವುದಕ್ಕಿಂತ ಕಡಿಮೆ. ಕಾಟನ್ನೇ ಇರಲಿ, ಬಿಗಿ ಬೇಡ. ಒಗೆದ ಬಟ್ಟೆ ಬಚ್ಚಲಲ್ಲಿ ಒಣಹಾಕಬೇಡಿ. ಫ್ಯಾನ್ ಇರುವ ಕೋಣೆಯಲ್ಲಿ, ಒಂದಕ್ಕೊಂದು ತಾಗದ ಹಾಗೆ ಹಾಕಿ. ಕೊನೆಗೆ ಒಳಗಿನಿಂದ, ಹೊಲಿಗೆಯ ಮೇಲೆ ಬಿಸಿ ಇಸ್ತ್ರಿ ಒಂದು ಸಲ ಎಳೆಯಿರಿ. ತೇವ ಉಳಿಯೋದು ಹೊಲಿಗೆಯಲ್ಲಿ, ಎಲಾಸ್ಟಿಕ್ ಪಟ್ಟಿಯಲ್ಲಿ. ಇಸ್ತ್ರಿಯ ಶಾಖ ಸೋಂಕನ್ನೂ ಕಡಿಮೆ ಮಾಡುತ್ತದೆ.

ಜೀನ್ಸ್ ಪ್ರಿಯರಿಗೆ ಒಂದು ಮಾತು. ನೆನೆದ ಜೀನ್ಸ್ ಧಾರವಾಡದಲ್ಲಿ ಆಗಸ್ಟ್ ಮುಗಿಯುವ ತನಕ ಒಣಗುವುದಿಲ್ಲ ಅಂತ ನನ್ನ ಮೈದುನ ಹೇಳುತ್ತಾನೆ. ಉತ್ಪ್ರೇಕ್ಷೆ ಸ್ವಲ್ಪವೇ.

ಮಳೆಯಲ್ಲಿ ಹೊರಗೆ ಹೋದಾಗ

ನಮ್ಮ ಮನೆಯವರು ದಿನಾ ಬೈಕಿನಲ್ಲಿ ಹುಬ್ಬಳ್ಳಿಗೆ ಹೋಗಿ ಬರುತ್ತಾರೆ. ರೇನ್‌ಕೋಟ್ ಒಳಗೆ ಗಾಳಿ ಆಡುವುದಿಲ್ಲ. ಇಪ್ಪತ್ತು ಕಿಲೋಮೀಟರ್ ದಾಟುವಷ್ಟರಲ್ಲಿ ಹೊರಗಿನ ಮಳೆಯಿಂದ ಪಾರಾಗಿ ಒಳಗಿನ ಬೆವರಲ್ಲಿ ನೆನೆದಿರುತ್ತಾರೆ. ಆಫೀಸು ಮುಟ್ಟಿದ ಕೂಡಲೇ ಬದಲಿಸಲು ಚೀಲದಲ್ಲಿ ಬನಿಯನ್, ಸಾಕ್ಸ್ ಮತ್ತು ಒಂದು ತೆಳು ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳುವುದು ಈಗ ರೂಢಿಯಾಗಿದೆ. ಮಳೆ ಜೋರಿದ್ದ ದಿನ ಚಿಗರಿ ಬಸ್ಸಿನಲ್ಲಿ ಹೋಗಿ ಅಂದರೆ ಕೇಳುವವರಲ್ಲ. ಹೆಲ್ಮೆಟ್ ಒಳಗಿನ ಮೆತ್ತೆಯೂ ಹಸಿ ಆಗುತ್ತದೆ. ಹಣೆಯ ಅಂಚಿಗೆ ಸಾಲಾಗಿ ಗುಳ್ಳೆ ಏಳುತ್ತಿದ್ದರೆ ಮೊದಲು ಅದನ್ನು ನೋಡಿ. ಬಿಚ್ಚಲು ಬರುತ್ತಿದ್ದರೆ ವಾರಕ್ಕೊಮ್ಮೆ ತೆಗೆದು ತೊಳೆಯಿರಿ, ಒಳಗೊಂದು ತೆಳು ಕಾಟನ್ ಕರವಸ್ತ್ರ ಕಟ್ಟಿಕೊಳ್ಳಿ.

ಮಕ್ಕಳ ಶಾಲೆಯ ಬೂಟು ಒದ್ದೆಯಾದರೆ ಒಳಗಿನ ಅಟ್ಟೆ ಹೊರಗೆ ತೆಗೆದು, ಬೂಟಿನೊಳಗೆ ಹಳೆ ಪೇಪರ್ ಉಂಡೆ ಮಾಡಿ ತುರುಕಿ. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಸಂಯುಕ್ತ ಕರ್ನಾಟಕದ ಹಳೆ ಸಂಚಿಕೆಗಳು. ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿದರೆ ಬೆಳಗಾಗುವಷ್ಟರಲ್ಲಿ ಸುಮಾರಾಗಿ ಒಣಗಿರುತ್ತದೆ. ಒದ್ದೆ ಬೂಟಿಗಿಂತ ಚಪ್ಪಲಿ ಮೇಲು. ಶಾಲೆಯವರು ಒಪ್ಪಿದರೆ ಮಳೆಗಾಲ ಮುಗಿಯುವವರೆಗೆ ಸ್ಯಾಂಡಲ್ಸ್ ಹಾಕಿಸಿ ಕಳಿಸಿ.

ಹೊಲದಲ್ಲಿ ಕೆಲಸ ಮಾಡುವವರ ಪಾಡು ಬೇರೆ. ಹಾನಗಲ್, ಕಲಘಟಗಿ ಕಡೆ ಭತ್ತದ ಗದ್ದೆಯಲ್ಲಿ ದಿನವಿಡೀ ಕಾಲು ನೀರಿನಲ್ಲೇ. ನವಲಗುಂದ, ಗದಗಿನ ಎರೆ ಹೊಲದಲ್ಲಿ ಕಪ್ಪು ಮಣ್ಣು ಹಿಮ್ಮಡಿಯ ಬಿರುಕಿನೊಳಗೆ ಇಳಿದು ಕೂತರೆ ಸುಮ್ನೆ ನೀರು ಹಾಕಿದರೆ ಬರುವುದಿಲ್ಲ. ನನ್ನ ಅವ್ವ ಹೊಲದಿಂದ ಬಂದವಳೇ ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಕಾಲು ನೆನೆಸಿ, ಮೆತ್ತನೆ ಹಲ್ಲುಜ್ಜುವ ಹಳೆ ಬ್ರಷ್‌ನಲ್ಲಿ ಬಿರುಕಿನ ಉದ್ದಕ್ಕೂ ತಿಕ್ಕುತ್ತಾಳೆ. ಅಡ್ಡಕ್ಕೆ ತಿಕ್ಕಿದರೆ ಬಿರುಕು ಬಾಯಿ ಬಿಡುತ್ತದೆ ಅನ್ನುತ್ತಾಳೆ. ಒರೆಸಿ, ಹಿಮ್ಮಡಿಗೆ ಮಾತ್ರ ವ್ಯಾಸಲೀನ್ ಹಚ್ಚುತ್ತಾಳೆ. ಬೆರಳ ಸಂದಿಗೆ ಎಣ್ಣೆ, ವ್ಯಾಸಲೀನ್ ಯಾವುದೂ ಬೇಡ, ಅಲ್ಲಿ ತೇವ ಹಿಡಿದಿಡಬಾರದು. ಕಾಲಿನಲ್ಲಿ ಗಾಯ ಇದ್ದರೆ ನಿಂತ ನೀರಿಗೆ ಇಳಿಯಬೇಡಿ. ಇಲಿಜ್ವರದ ರೋಗಾಣು ಇಲಿಯ ಮೂತ್ರ ಸೇರಿದ ನೀರಿನಿಂದ ಅಂಥ ಗಾಯದ ಮೂಲಕ ಒಳಗೆ ಹೋಗುತ್ತದೆ. ಗಮ್‌ಬೂಟು ಹಾಕಿಕೊಂಡರೆ ಒಳ್ಳೆಯದು. ಆದರೆ ಮನೆಗೆ ಬಂದ ಮೇಲೆ ಅದನ್ನು ಬೋರಲು ಹಾಕಿ ಒಣಗಿಸಬೇಕು.

ಮುಖದ ವಿಷಯ

ಇದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ಹಾಗಾಗಿ ಚುಟುಕಾಗಿ. ಬೆಳಗ್ಗೆ, ಸಂಜೆ ಎರಡು ಸಲ ತೊಳೆದರೆ ಸಾಕು. ತಲೆಗೆ ಎಣ್ಣೆ ಹಚ್ಚಿ ಹಾಗೇ ಓಡಾಡಿದರೆ ಅದು ಹಣೆಗಿಳಿದು ಗುಳ್ಳೆಯಾಗುತ್ತದೆ. ಮಳೆಗಾಲದಲ್ಲಿ ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ತೊಳೆದುಬಿಡಿ. ಹಸಿ ಕೂದಲು ಕಟ್ಟಿ ಮೇಲೆ ಹೂವು ಮುಡಿದರೆ ನೋಡಲು ಚಂದ, ಹೊಟ್ಟು ಮಾತ್ರ ಗ್ಯಾರಂಟಿ. ಮೋಡ ಇದೆ ಅಂತ ಬಿಸಿಲಿನ ಕ್ರೀಮ್ ಬಿಡಬೇಡಿ. ತೆಳು ಮೋಡವಾದರೆ ಅತಿನೇರಳೆ ಕಿರಣಗಳಲ್ಲಿ ಶೇಕಡ 80ರವರೆಗೂ ದಾಟಿ ಬರಬಲ್ಲವು. ಮುಖದಲ್ಲಿ ಭಂಗು ಇರುವವರಿಗಂತೂ ಇದು ಮುಖ್ಯ. ಎಸ್‌ಪಿಎಫ್ 30ರ ಜೆಲ್ ತರಹದ್ದು ಸಾಕು.

ಗದಗ, ರೋಣದ ಕಡೆಯವರು ಮಾತ್ರ ಇಲ್ಲಿ ನನ್ನ ಮಾತನ್ನು ತಿರುಗಿಸಿ ಓದಬೇಕು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಆಷಾಢದ ಗಾಳಿಗೆ ಅಲ್ಲಿ ತುಟಿ ಒಡೆಯುತ್ತದೆ, ಕೆನ್ನೆ ಒರಟಾಗುತ್ತದೆ. ಅಲ್ಲಿ ಸ್ನಾನವಾದ ಕೂಡಲೇ, ಮೈ ಸ್ವಲ್ಪ ತೇವ ಇರುವಾಗಲೇ, ಕೈಕಾಲಿಗೆ ಕೊಬ್ಬರಿ ಎಣ್ಣೆಯೋ ಕ್ರೀಮೋ ಹಚ್ಚಿಕೊಳ್ಳಬೇಕು. ಧಾರವಾಡದಲ್ಲಿ ನನಗೆ ಬೇಡವಾದದ್ದು ತವರಿಗೆ ಹೋದಾಗ ಬೇಕಾಗುತ್ತದೆ. ಸಂದಿಗಳನ್ನು ಒಣಗಿಸುವುದು ಎರಡೂ ಊರಿಗೆ ಒಂದೇ.

ಬೆನ್ನು, ಎದೆಯ ಮೇಲೆ ಬೆಳ್ಳನೆ ಅಥವಾ ಕಂದು ಬಣ್ಣದ ಸಣ್ಣ ಮಚ್ಚೆ ಬಂದು, ಉಗುರಲ್ಲಿ ಕೆರೆದರೆ ಹಿಟ್ಟಿನಂತೆ ಉದುರುತ್ತಿದ್ದರೆ ಅದು ಚಿಬ್ಬು ಇರಬಹುದು. ತೊನ್ನು ಅಂತ ಹೆದರುವವರನ್ನು ನೋಡಿದ್ದೇನೆ. ಚಿಬ್ಬಿಗೆ ಕಾರಣವಾದ ಶಿಲೀಂಧ್ರಕ್ಕೆ ಜಿಡ್ಡು ಬಲು ಇಷ್ಟ, ಎಣ್ಣೆ ಹಚ್ಚಿದರೆ ಹೆಚ್ಚುತ್ತದೆ. ಡಾಕ್ಟರ್ ಸಾಮಾನ್ಯವಾಗಿ ಕೀಟೋಕೊನಜೋಲ್ ಇರುವ ಶಾಂಪೂ ಕೊಟ್ಟು, ಮೈಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಲು ಹೇಳುತ್ತಾರೆ. ಶಿಲೀಂಧ್ರ ಸತ್ತ ಮೇಲೂ ಚರ್ಮದ ಬಣ್ಣ ಮರಳಲು ತಿಂಗಳುಗಳೇ ಬೇಕು. ‘ಔಷಧಿ ನಾಟಲಿಲ್ಲ’ ಅಂತ ಅಂಗಡಿ ಬದಲಿಸಬೇಡಿ.

ಉಂಗುರದಂಥ ಕಲೆ ಬಂದಾಗ

ಎರಡನೇ ಮಳೆಗಾಲದಲ್ಲಿ ನನ್ನ ಸೊಂಟದ ಮೇಲೆ, ಲಾಡಿ ಕಟ್ಟುವಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಕೆಂಪು ಉಂಗುರ ಎದ್ದಿತು. ಅಂಚು ಉಬ್ಬಿ, ನಡುವೆ ಚರ್ಮ ಸುಮಾರು ಸರಿಯಾಗೇ ಇತ್ತು. ಗಜಕರ್ಣದ ಗುರುತೇ ಅದು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಔಷಧಿ ಅಂಗಡಿಗೆ ಹೋದೆ. ಹುಡುಗ ಕೇಳಿದ್ದೇ ತಡ, ‘ಅಕ್ಕಾರ, ಇದನ್ನ ಹಚ್ರಿ, ಎರಡು ದಿನದಾಗ ಮಾಯ’ ಅಂತ ಒಂದು ಟ್ಯೂಬ್ ಕೊಟ್ಟ. ಅವನ ಮಾತು ಸುಳ್ಳಾಗಲಿಲ್ಲ. ಎರಡೇ ದಿನದಲ್ಲಿ ತುರಿಕೆ ಹೋಯಿತು, ಕೆಂಪು ಇಳಿಯಿತು. ಬಿಟ್ಟೆ. ಹತ್ತು ದಿನಕ್ಕೆ ಮತ್ತೆ ಬಂತು, ಈ ಸಲ ಅಂಗೈಯಷ್ಟು. ಇನ್ನೊಂದು ಅಂಗಡಿ, ಇನ್ನೊಂದು ಟ್ಯೂಬ್. ಹೀಗೆ ಪಂಚಮಿಯಿಂದ ದಸರೆಯವರೆಗೆ.

ಆ ಟ್ಯೂಬುಗಳಲ್ಲಿ ಇದ್ದದ್ದು ಸ್ಟೀರಾಯ್ಡ್ ಮಿಶ್ರಣ. ಸ್ಟೀರಾಯ್ಡ್ ತುರಿಕೆ, ಉರಿಯನ್ನು ಬೇಗ ಅಡಗಿಸುತ್ತದೆ. ಆದರೆ ಆ ಜಾಗದಲ್ಲಿ ಮೈಯ ಪ್ರತಿರೋಧವನ್ನೂ ಅಡಗಿಸುತ್ತದೆ. ಕಳ್ಳ ಬಂದಾಗ ನಾಯಿಯ ಬಾಯಿ ಕಟ್ಟಿದ ಹಾಗೆ. ಶಿಲೀಂಧ್ರ ಸದ್ದಿಲ್ಲದೆ ಹರಡುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ, ತೊಡೆಸಂದಿಯಲ್ಲಿ ಬಸುರಿ ಹೊಟ್ಟೆಯ ಮೇಲಿನಂಥ ಗೆರೆಗಳು ಬಿದ್ದುಬಿಡುತ್ತವೆ. ಅವು ಹೋಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಕೌಂಟರಿನಲ್ಲಿ ಚೀಟಿ ಕೇಳಿದವರನ್ನು ನಾನಂತೂ ಕಂಡಿಲ್ಲ. ಈಗಿನ ಗಜಕರ್ಣ ಹಳೇ ಕಾಲದ್ದಲ್ಲ ಅನ್ನೋದೂ ನಿಜ. ನಮ್ಮ ದೇಶದಲ್ಲಿ ವ್ಯಾಪಕವಾಗಿರುವ ಒಂದು ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೈ ಅಂತ ಹೆಸರಿಟ್ಟಿದ್ದಾರೆ. ಟರ್ಬಿನಾಫಿನ್ ಅನ್ನುವ ಸಾಮಾನ್ಯ ಔಷಧಿಗೂ ಅದು ಎಷ್ಟೋ ಸಲ ಜಗ್ಗುವುದಿಲ್ಲ.

ಹಾಗಾಗಿ ಟ್ಯೂಬ್ ಕೈಗೆ ಬಂದಾಗ ಮೊದಲು ಸಣ್ಣ ಅಕ್ಷರ ಓದಿ. ಕ್ಲೋಬೆಟಾಸಾಲ್, ಬೀಟಾಮೆಥಸೋನ್, ಮೊಮೆಟಾಸೋನ್, ಬೆಕ್ಲೊಮೆಥಸೋನ್ ಇವುಗಳಲ್ಲಿ ಯಾವುದೇ ಹೆಸರಿದ್ದರೂ ಗಜಕರ್ಣಕ್ಕೆ ಅದು ಬೇಡ, ವಾಪಸ್ ಕೊಡಿ. ಮೂರು-ನಾಲ್ಕು ಔಷಧಿ ಬೆರೆಸಿದ ಟ್ಯೂಬ್ ಇದ್ದರೆ ಅನುಮಾನ ಪಡಿ. ಸಣ್ಣ, ಹೊಸ ಕಲೆಗೆ ಕ್ಲೋಟ್ರಿಮಜೋಲ್ 1% ಅಂತ ಒಂದೇ ಹೆಸರಿರುವ ಕ್ರೀಮ್ ಶುರು ಮಾಡಬಹುದು. ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದರೆ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಕಲೆಯ ಹೊರಗಿನಿಂದ ಒಳಗೆ ಹಚ್ಚುತ್ತಾ ಬನ್ನಿ, ಅಂಚಿನಾಚೆ ಎರಡು ಸೆಂಟಿಮೀಟರ್ ಸೇರಿಸಿ. ದಿನಕ್ಕೆ ಎರಡು ಸಲ, ಕನಿಷ್ಠ ನಾಲ್ಕು ವಾರ. ಕಲೆ ಮಾಯವಾದ ಮೇಲೂ ಎರಡು ವಾರ ಬಿಡಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಎರಡು ವಾರದಲ್ಲಿ ಏನೂ ಬದಲಾಗದಿದ್ದರೆ, ಅಥವಾ ಹಲವು ಕಡೆ ಎದ್ದಿದ್ದರೆ ನುಂಗುವ ಮಾತ್ರೆ ಬೇಕಾಗಬಹುದು. ಅದನ್ನು ಡಾಕ್ಟರೇ ಹೇಳಬೇಕು. ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಇಲ್ಲವಾದರೆ ಅದು ಚೆಂಡಿನಂತೆ ಅವರಿಂದಿವರಿಗೆ ಓಡಾಡುತ್ತಿರುತ್ತದೆ.

ಬಳ್ಳೊಳ್ಳಿ ಅರೆದು ಕಟ್ಟಬೇಡಿ, ಸುಣ್ಣ ಹಚ್ಚಬೇಡಿ. ನಮ್ಮ ಓಣಿಯ ಅಜ್ಜಿಯೊಬ್ಬರು ಬಳ್ಳೊಳ್ಳಿ ಕಟ್ಟಿ ರಾತ್ರಿ ಮಲಗಿದರು. ಬೆಳಗ್ಗೆ ಗಜಕರ್ಣದ ಜೊತೆ ಸುಟ್ಟ ಗುಳ್ಳೆಯೂ ಇತ್ತು.

ತಡಮಾಡದೆ ಹೋಗಬೇಕಾದ ಸಂದರ್ಭಗಳಿವೆ. ಸಕ್ಕರೆ ಕಾಯಿಲೆ ಇರುವವರ ಬೆರಳ ಸಂದಿ ಬೆಳ್ಳಗಾಗಿ ಸುಲಿದಿದ್ದರೆ ಅದನ್ನು ‘ಮಳೆಗಾಲದ್ದು’ ಅಂತ ಬಿಡಬೇಡಿ. ಆ ಬಿರುಕಿನಿಂದಲೇ ಕಾಲು ಕೆಂಪಾಗಿ, ಬಿಸಿಯಾಗಿ, ಬಾತು ಜ್ವರ ಬರುತ್ತದೆ. ಅಂಥವರ ಪಾದವನ್ನು ರಾತ್ರಿ ಮನೆಯವರು ಯಾರಾದರೂ ದೀಪದಲ್ಲಿ ನೋಡಬೇಕು. ಅವರಿಗೆ ನೋವು ಗೊತ್ತಾಗದೆ ಇರಬಹುದು. ಮಕ್ಕಳ ಬಾಯಿ, ಮೂಗಿನ ಸುತ್ತ ಜೇನು ಬಣ್ಣದ ಹಕ್ಕಳೆ ಕಟ್ಟಿದ ಹುಣ್ಣಾದರೆ ಅದೂ ಡಾಕ್ಟರ್ ನೋಡಬೇಕಾದದ್ದು. ಮನೆಮಂದಿಗೆಲ್ಲ ರಾತ್ರಿ ಹೊತ್ತು, ಕೈಬೆರಳ ಸಂದಿಯಲ್ಲಿ ತಿಂಡಿ ಜಾಸ್ತಿ ಆಗುತ್ತಿದ್ದರೆ ಅದು ಕಜ್ಜಿ ಇರಬಹುದು. ಅದಕ್ಕೆ ಔಷಧಿಯೇ ಬೇರೆ, ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು.

ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್), ಗದಗಿನ ಜಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದ ವಿಭಾಗ ಇದೆ. ಹೋಗುವ ದಿನ ಬೆಳಗ್ಗೆ ಕಲೆಯ ಮೇಲೆ ಏನೂ ಹಚ್ಚಬೇಡಿ. ಡಾಕ್ಟರ್ ಅಂಚಿನ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಕ್ರೀಮ್ ಅಡ್ಡಿಯಾಗುತ್ತದೆ. ಇಷ್ಟು ದಿನ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾಗಿದ್ದರೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಾನು ಕೊನೆಗೆ ಡಾಕ್ಟರ್ ಹತ್ತಿರ ಹೋದಾಗ ನನ್ನ ಹತ್ತಿರ ಮೂರಿದ್ದವು. ಅವರು ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಸಣ್ಣ ಅಕ್ಷರದ ಕಡೆ ತಿರುಗಿಸಿ, ‘ನೀವ ಓದ್ರಿ’ ಅಂದರು. ಮೂರು ಬಣ್ಣ, ಮೂರು ಹೆಸರು, ಮೂರು ಕಂಪನಿ. ಒಳಗಿದ್ದದ್ದು ಒಂದೇ ಕ್ಲೋಬೆಟಾಸಾಲ್.